ಕೊಟ್ಟೆ, ಬಂತು

ನನಗೆ ಕುತ್ತಿಗೆಯ ಬಲಗಡೆ ನೋವು, ಅತ್ತೆಗೆ ಎಡಗಡೆ. ಒಂದೇ ಮೇಜಿಗೆ ಅಕ್ಕಪಕ್ಕ ಕೂತು, ಎದುರಿಗಿದ್ದ ಎರಡು ಮಾನಿಟರ್‌ಗಳ ನಡುವಿನ ಸಂದಿನ ಕಡೆಗೆ ವರ್ಷಗಟ್ಟಲೆ ತಿರುಗಿಕೊಂಡಿದ್ದರ ಫಲ ಅದು. ಹಿಂದಿನಿಂದ ನೋಡಿದವರಿಗೆ ನಾವಿಬ್ಬರೂ ಸದಾ ಏನೋ ಗುಟ್ಟು ಹೇಳಿಕೊಳ್ಳುತ್ತಿದ್ದೇವೆ ಅನ್ನಿಸುತ್ತಿತ್ತಂತೆ. ನಮ್ಮ ಕೋಣೆಗೆ ಕಿಟಕಿಯಿಲ್ಲ. ಎರಡು ಬಗೆಯ ಮುಲಾಮಿನ ವಾಸನೆ ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲೇ ಸುತ್ತುತ್ತಿರುತ್ತದೆ. ಅವರದು ಡಬ್ಬಿಯದು, ನನ್ನದು ಟ್ಯೂಬಿನದು.

ಅತ್ತೆ ನನ್ನ ಗಂಡನ ತಾಯಿಯಲ್ಲ, ನನ್ನ ಸೋದರತ್ತೆಯೂ ಅಲ್ಲ. ಲಿಫ್ಟ್ ರಿಪೇರಿ ಮಾಡುವ ನಮ್ಮ ಕಂಪನಿಯಲ್ಲಿ ಒಬ್ಬ ಮೆಕ್ಯಾನಿಕ್ ಅವರ ಅಣ್ಣನ ಮಗ. ಅವನು ಫೋನಿನಲ್ಲಿ 'ಅತ್ತೆ' ಅನ್ನುವುದನ್ನು ಕೇಳಿ ಉಳಿದ ಮೆಕ್ಯಾನಿಕ್‌ಗಳೂ ಶುರುಮಾಡಿದರು, ಆಮೇಲೆ ಲೆಕ್ಕದವರು, ಬಾಗಿಲ ಕಾವಲಿನವನು, ಕೊನೆಗೆ ಮ್ಯಾನೇಜರ್ ಕೂಡ. ಆ ಮೆಕ್ಯಾನಿಕ್‌ಗೆ 'ಅಳಿಯ' ಅನ್ನುವ ಹೆಸರು ನಿಂತಿತು. ಅವನಿಗೀಗ ತಲೆ ಬೋಳಾಗಿದೆ, ಮಗಳು ಕಾಲೇಜಿಗೆ ಹೋಗುತ್ತಾಳೆ, ಆದರೂ ಅಳಿಯನೇ. ನನ್ನನ್ನು ಅತ್ತೆ 'ಡಿಗ್ರಿ' ಎಂದು ಕರೆಯುತ್ತಾರೆ. ಕೆಲಸಕ್ಕೆ ಸೇರಿದಾಗ ಏನು ಓದಿದ್ದೀಯ ಎಂದು ಕೇಳಿದ್ದರು, ನಾನು ವಿಷಯ, ವಿಶ್ವವಿದ್ಯಾಲಯ, ದರ್ಜೆ ಎಲ್ಲವನ್ನೂ ಹೇಳಿದೆ. ಅಷ್ಟು ಹೇಳುವ ಅಗತ್ಯವಿರಲಿಲ್ಲ.

ಹೇಳುವುದಕ್ಕೆ ನಮ್ಮ ಕೆಲಸ ಸುಲಭದ್ದು. ಊರಿನಲ್ಲಿ ನಮ್ಮ ಕಂಪನಿ ನೋಡಿಕೊಳ್ಳುವ ಯಾವ ಲಿಫ್ಟ್ ನಡುವೆ ನಿಂತರೂ, ಒಳಗೆ ಸಿಕ್ಕಿಕೊಂಡವರು ಒತ್ತುವ ಗುಂಡಿಯ ಕರೆ ನನ್ನ ಕಿವಿಗೆ ಬರುತ್ತದೆ. ಯಾವ ಕಟ್ಟಡ, ಯಾವ ಮಹಡಿ, ಒಳಗೆ ಎಷ್ಟು ಜನ, ಯಾರಿಗಾದರೂ ಉಸಿರಿನ ತೊಂದರೆ ಇದೆಯೇ ಎಂದು ಕೇಳಿ ಎಡಗಡೆಯ ಪರದೆಯಲ್ಲಿ ಟೈಪ್ ಮಾಡುತ್ತೇನೆ. ಅದೊಂದು ಕೆಂಪು ಚೀಟಿಯಾಗುತ್ತದೆ. ಚೀಟಿಯನ್ನು ಮೌಸಿನಲ್ಲಿ ಹಿಡಿದು ನನ್ನ ಪರದೆಯ ಬಲ ಅಂಚಿಗೆ ಎಳೆದರೆ ಅದು ಅತ್ತೆಯ ಪರದೆಯ ಎಡ ಅಂಚಿನಲ್ಲಿ ಹೊರಬರಬೇಕು. ಅಲ್ಲಿ ಊರಿನ ನಕ್ಷೆ ಇರುತ್ತದೆ, ನಕ್ಷೆಯ ಮೇಲೆ ಹಸಿರು ಚುಕ್ಕೆಗಳಾಗಿ ಮೆಕ್ಯಾನಿಕ್‌ಗಳು. ಅತ್ತೆ ಚೀಟಿಯನ್ನು ಹತ್ತಿರದ ಚುಕ್ಕೆಯ ಮೇಲೆ ಬಿಡುತ್ತಾರೆ, ಫೋನ್ ಮಾಡುತ್ತಾರೆ, ಬೈಯುತ್ತಾರೆ. ಬೈಸಿಕೊಳ್ಳದೆ ಹೊರಡುವ ಮೆಕ್ಯಾನಿಕ್ ನಮ್ಮಲ್ಲಿಲ್ಲ.

ಹೊರಬರಬೇಕು ಅಂದೆ. ಎರಡೂ ಹಳೆಯ ಕಂಪ್ಯೂಟರ್‌ಗಳು. ಕೆಲವು ಸಲ ಚೀಟಿ ನನ್ನ ಪರದೆಯನ್ನು ಬಿಟ್ಟು ಅವರ ಪರದೆಯನ್ನು ಸೇರದೆ ನಡುವೆ ಎಲ್ಲೋ ಉಳಿದುಬಿಡುತ್ತಿತ್ತು. ಅದಕ್ಕೇ ನಾವು ಬಾಯಲ್ಲಿ ಹೇಳುವ ರೂಢಿ ಮಾಡಿಕೊಂಡೆವು. ಅಂಚಿಗೆ ತಂದಾಗ ನಾನು 'ಕೊಟ್ಟೆ' ಅನ್ನಬೇಕು. ಅವರ ಕಡೆ ಕಂಡಾಗ ಅತ್ತೆ 'ಬಂತು' ಅನ್ನಬೇಕು. 'ಬಂತು' ಕೇಳಿದ ಮೇಲೆಯೇ ನಾನು ಮುಂದಿನ ಕರೆ ತೆಗೆಯುವುದು. ದಿನಕ್ಕೆ ಅದೆಷ್ಟು ಸಲ ಅಂದಿರುತ್ತೇವೋ. ಒಮ್ಮೆ ಮನೆಯಲ್ಲಿ ನನ್ನ ಗಂಡ ಉಪ್ಪು ಕೇಳಿದಾಗ ಡಬ್ಬಿಯನ್ನು ಅವರ ಮುಂದೆ ಸರಿಸಿ 'ಕೊಟ್ಟೆ' ಅಂದು, ಉತ್ತರ ಬರುವವರೆಗೆ ಕೈ ತೆಗೆಯದೆ ಕೂತಿದ್ದೆನಂತೆ.

ಇದೆಲ್ಲ ಶುರುವಾದದ್ದು ನನ್ನಿಂದಲೇ. ಕುತ್ತಿಗೆ ನೋವಿಗೆ ಡಾಕ್ಟರು, "ಪರದೆ ಮುಖದ ನೇರಕ್ಕಿರಬೇಕಮ್ಮ, ಪಕ್ಕಕ್ಕಲ್ಲ" ಅಂದರು. ನಾನು ಮ್ಯಾನೇಜರ್‌ಗೆ ಅರ್ಜಿ ಬರೆದೆ, ಪರದೆಯ ವ್ಯವಸ್ಥೆ ಬದಲಿಸಿದರೆ ಇಬ್ಬರಿಗೂ ಅನುಕೂಲ ಎಂದು. ಬರೆದು ನಾಲ್ಕಾರು ಸಲ ತಿದ್ದಿದೆ. ಅತ್ತೆಗೂ ಓದಿ ಹೇಳಿದೆ.

"ಚೆನ್ನಾಗಿದೆ. ಮದುವೆ ಕಾಗದ ಇದ್ದಂಗಿದೆ," ಅಂದರು.

ಸ್ವಲ್ಪ ದಿನವಾದ ಮೇಲೆ ಮ್ಯಾನೇಜರ್ ಇಬ್ಬರು ಆಳುಗಳ ಕೈಯಲ್ಲಿ ಒಂದು ಉದ್ದನೆಯ ಪೆಟ್ಟಿಗೆ ಹೊರಿಸಿಕೊಂಡು ಬಂದರು. ಒಳಗಿದ್ದದ್ದು ಅಲ್ಟ್ರಾವೈಡ್ ಮಾನಿಟರ್. ಒಂದೇ ಪರದೆ, ಮೇಜಿನ ಈ ತುದಿಯಿಂದ ಆ ತುದಿಗೆ, ಸ್ವಲ್ಪ ಒಳಕ್ಕೆ ಬಾಗಿಕೊಂಡು. ಅತ್ತೆ ಅದನ್ನು ನೋಡಿ, "ಇದೇನು, ತೊಟ್ಟಿಲು ಅಡ್ಡ ಹಾಕಿದಂಗಿದೆ," ಅಂದರು.

"ಅಂಗಡಿಯವರು ಪರೀಕ್ಷೆಗೆ ಕೊಟ್ಟಿದ್ದಾರೆ," ಅಂದರು ಮ್ಯಾನೇಜರ್. ಅವರು ಕೆಟ್ಟವರಲ್ಲ. ಸದಾ ಯಾರದೋ ಫೋನಿಗೆ ಕಾಯುತ್ತಿರುವವರಂತೆ ಅಂಗಿಯ ಜೇಬನ್ನು ಮುಟ್ಟಿಕೊಳ್ಳುತ್ತಿರುತ್ತಾರೆ. "ಹೇಗೂ ಹಳೇದನ್ನ ಬದಲಾಯಿಸ್ಬೇಕು. ಹೊಸ ಎರಡು ಮಾನಿಟರ್ ಬೇಕಾ, ಇದೊಂದೇ ಸಾಕಾ, ಶುಕ್ರವಾರ ನನಗೆ ಹೇಳಿ. ನೀವೇ ಕೇಳಿದ್ದಲ್ವಾ, ನೀವೇ ಹೇಳಿ."

ಕೊನೆಯ ಮಾತು ನನ್ನನ್ನು ನೋಡಿ ಹೇಳಿದ್ದು.

ಮೊದಲ ದಿನ ಇಬ್ಬರೂ ಅದರ ಮುಂದೆ ಕೂತೆವು. ಎರಡು ಕಂಪ್ಯೂಟರ್ ಹೋಗಿ ಒಂದಾಗಿತ್ತು, ಎರಡು ಮೌಸ್ ಹೋಗಿ ಒಂದು. ಎಡಗಡೆ ಕರೆಗಳು, ಬಲಗಡೆ ನಕ್ಷೆ, ನಡುವೆ ಏನೂ ಇಲ್ಲ. ಚೀಟಿ ಎಲ್ಲೂ ಮಾಯವಾಗದೆ ಆ ಕಡೆಯಿಂದ ಈ ಕಡೆಗೆ ಜಾರಿಕೊಂಡು ಹೋಗುತ್ತಿತ್ತು. ನೋಡುವುದಕ್ಕೆ ಚೆಂದವೇ. ಆದರೆ ನಾನು ಟೈಪ್ ಮಾಡಲು ಹೊರಟಾಗ ಮೌಸ್ ಅತ್ತೆಯ ಕೈಯಲ್ಲಿರುತ್ತಿತ್ತು, ಅವರು ನಕ್ಷೆ ಸರಿಸಲು ಹೊರಟಾಗ ನನ್ನ ಕೈಯಲ್ಲಿ. ಇಬ್ಬರ ಮೊಣಕೈಯೂ ತಾಗಿ ತಾಗಿ ಸಂಜೆಯ ಹೊತ್ತಿಗೆ ಇಬ್ಬರೂ ಮಾತು ಬಿಟ್ಟಿದ್ದೆವು.

"ಒಂದೇ ಬಚ್ಚಲಿಗೆ ಇಬ್ಬರನ್ನ ಸ್ನಾನಕ್ಕೆ ಕಳಿಸಿದಂಗಾಯ್ತು," ಅಂದರು ಅತ್ತೆ ಕೊನೆಗೆ, ಹೊರಡುವಾಗ ಚೀಲದ ಜಿಪ್ ಎಳೆಯುತ್ತ.

ಮರುದಿನ ಮ್ಯಾನೇಜರ್ ಬಂದು ಅದನ್ನು ನೋಡಿದರು. "ಇಬ್ಬರು ಕೂರೋಕೆ ಮಾಡಿದ್ದಲ್ಲ ಅದು. ಒಬ್ಬೊಬ್ಬರೇ ಕೂತು ನೋಡಿ. ಬೆಳಿಗ್ಗೆ ಅತ್ತೆ, ಮಧ್ಯಾಹ್ನ ನೀವು. ಇನ್ನೊಬ್ಬರು ಹೊರಗೆ ಬೆಂಚಿನ ಮೇಲೆ ಇರಿ, ಬೇಕಾದ್ರೆ ಕರೆಯೋಕೆ."

ಆಮೇಲೆ ನಾನು ನೀರು ಹಿಡಿಯಲು ಹೋದಾಗ ಕಾರಿಡಾರಿನಲ್ಲಿ ನನ್ನ ಪಕ್ಕ ಬಂದು ನಿಂತರು. ಜೇಬು ಮುಟ್ಟಿಕೊಂಡರು. "ಒಬ್ಬರೇ ನಿಭಾಯಿಸೋ ಹಾಗಿದ್ರೆ ಹೆಡ್ ಆಫೀಸ್‌ನೋರಿಗೂ ಅದೇ ಬೇಕು. ಯೋಚನೆ ಮಾಡ್ಬೇಡಿ, ಆ ಕುರ್ಚಿ ನಿಮ್ಮದೇ. ಓದಿರೋರು ನೀವು. ಅತ್ತೆಗೆ ಕೆಳಗೆ ಸ್ಟೋರ್‌ನಲ್ಲಿ ಜಾಗ ಮಾಡ್ತೀನಿ."

ನನ್ನ ಬಾಟಲಿ ತುಂಬಿ ಕೈಮೇಲೆ ಚೆಲ್ಲಿತು.

ಸ್ಟೋರ್ ಇರುವುದು ನೆಲಮಾಳಿಗೆಯಲ್ಲಿ. ಅಲ್ಲಿ ಉಕ್ಕಿನ ಹಗ್ಗದ ಸುರುಳಿಗಳಿವೆ, ಗ್ರೀಸಿನ ಪೀಪಾಯಿಗಳಿವೆ, ಲಿಫ್ಟಿನ ಹಳೆಯ ಬಾಗಿಲುಗಳನ್ನು ಗೋಡೆಗೆ ಒರಗಿಸಿಟ್ಟಿದ್ದಾರೆ. ಅಲ್ಲಿಗೆ ಮೆಟ್ಟಿಲಿಳಿದೇ ಹೋಗಬೇಕು. ನಮ್ಮ ಕಟ್ಟಡದ ಲಿಫ್ಟ್ ಬೇರೆ ಕಂಪನಿಯದು, ಅದು ಕೆಟ್ಟು ನಿಂತೇ ಇರುತ್ತದೆ, ಅವರು ಬರುವುದಿಲ್ಲ, ನಾವು ಮುಟ್ಟುವ ಹಾಗಿಲ್ಲ. ಅತ್ತೆಗೆ ಎರಡೂ ಮೊಣಕಾಲು ನೋವು. ಬೀದಿಯಿಂದ ನಮ್ಮ ಕೋಣೆಗೆ ಬರುವ ಮೂರು ಮೆಟ್ಟಿಲನ್ನೇ ಅವರು ಒಂದೊಂದಾಗಿ, ಕಂಬಿ ಹಿಡಿದು, ಯಾರಿಗೋ ಶಾಪ ಹಾಕುತ್ತ ಹತ್ತುತ್ತಾರೆ. ನೆಲಮಾಳಿಗೆ ಅಂದರೆ ಅವರು ಕೆಲಸ ಬಿಟ್ಟ ಹಾಗೆಯೇ. ಮ್ಯಾನೇಜರ್‌ಗೆ ಅದು ಗೊತ್ತಿಲ್ಲ ಎಂದು ನನಗೆ ಅನ್ನಿಸಲಿಲ್ಲ.

ಅವರು ಹೇಳಿದ್ದನ್ನು ನಾನು ಅತ್ತೆಗೆ ಹೇಳಲಿಲ್ಲ. ಹೇಗೆ ಹೇಳಬೇಕೆಂದು ಬಾಯಲ್ಲೇ ತಿದ್ದುತ್ತಿದ್ದೆ, ಅಷ್ಟರಲ್ಲಿ ಅವರು ಹೆಡ್‌ಫೋನ್ ಕಿವಿಗೆ ಹಾಕಿಕೊಂಡಾಗಿತ್ತು.

ಅಂದು ಮಧ್ಯಾಹ್ನ ಒಬ್ಬಳೇ ಪರದೆಯ ನಟ್ಟನಡುವೆ ಕೂತೆ. ಸುಳ್ಳು ಹೇಳುವುದೇಕೆ, ಹಿತವಾಗಿತ್ತು. ಎಲ್ಲವೂ ಮುಖದ ನೇರಕ್ಕಿತ್ತು. ಕುತ್ತಿಗೆ ತಾನಿದ್ದೇನೆ ಎಂದು ನೆನಪಿಸಲೇ ಇಲ್ಲ. ಹೊರಗೆ ಬೆಂಚಿನ ಮೇಲೆ ಅತ್ತೆ ಕಾಲು ಚಾಚಿ ಕೂತಿದ್ದರು, ತೆರೆದ ಬಾಗಿಲಲ್ಲಿ ಅವರ ಚಪ್ಪಲಿಯ ತುದಿ ಕಾಣುತ್ತಿತ್ತು. ನಾನು ಆಗಾಗ ಅದನ್ನು ನೋಡಿಕೊಳ್ಳುತ್ತಿದ್ದೆ, ಹೊರಟುಹೋದರೇನೋ ಅನ್ನುವ ಹಾಗೆ.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಕಾರು ಓಡಿಸುವುದನ್ನು ಕಲಿಸುತ್ತಾರೆ. ಅವರ ಕಾರಿನಲ್ಲಿ ಕಲಿಸುವವನ ಕಾಲಿನ ಹತ್ತಿರವೂ ಒಂದು ಬ್ರೇಕ್ ಇದೆ. ಸಂಜೆ ಮನೆಗೆ ಬಂದಾಗ ಅವರ ಬಲಗಾಲು ಮರಗಟ್ಟಿರುತ್ತದೆ. ಸೋಫಾದ ಮೇಲೆ ಕಾಲು ಎತ್ತಿ ಇಟ್ಟುಕೊಂಡು, "ಕುತ್ತಿಗೆ ನೋವು ಹೋಗುತ್ತೆ ಅಂದ್ರೆ ದೊಡ್ಡದೇ ತಗೋ. ಅದರಲ್ಲಿ ಯೋಚನೆ ಮಾಡೋದೇನಿದೆ," ಅಂದರು.

"ಅತ್ತೆ?"

"ಯಾವ ಅತ್ತೆ? ನಮ್ಮಮ್ಮನಾ?"

"ಆಫೀಸಿನ ಅತ್ತೆ ರೀ."

"ಓ," ಅಂದು ಕಾಲನ್ನು ಒತ್ತಿಕೊಂಡರು. ಆಮೇಲೆ, "ನಿನಗೆ ಅವರು ಇಷ್ಟಾನಾ?" ಅಂತ ಕೇಳಿದರು.

ನಾನು ಯೋಚಿಸಿದೆ. ಅತ್ತೆ ನನ್ನ ಡಬ್ಬಿಯ ಅನ್ನವನ್ನು ನೋಡಿ ದಿನಾ ಏನಾದರೂ ಅನ್ನುತ್ತಾರೆ. ನನ್ನ ಕರೆಗಳ ಮಧ್ಯೆ ಜೋರಾಗಿ ಆಕಳಿಸುತ್ತಾರೆ. ನನಗೆ ಹುಷಾರಿಲ್ಲದ ದಿನ 'ಡಿಗ್ರಿಗೆ ಡಿಗ್ರಿ ಜ್ವರ' ಎಂದು ಎಲ್ಲ ಮೆಕ್ಯಾನಿಕ್‌ಗಳಿಗೂ ಹೇಳಿಬಿಟ್ಟಿದ್ದರು. "ಇಷ್ಟ ಅಂತ ಅಲ್ಲ," ಅಂದೆ. "ಪಕ್ಕದಲ್ಲಿರ್ತಾರೆ."

"ಹಾಗಿದ್ರೆ ಕಷ್ಟ," ಅಂದು ಅವರು ನನ್ನ ಕುತ್ತಿಗೆಗೆ ಮುಲಾಮು ತಿಕ್ಕಿದರು. ಅಭ್ಯಾಸದಿಂದ ಬಲಗಡೆಗೇ. ಅಂದು ನೋವಿರಲಿಲ್ಲ, ಆದರೂ ಬೇಡ ಅನ್ನಲಿಲ್ಲ.

ಮರುದಿನ, ಗುರುವಾರ, ಅದು ನಡೆಯಿತು.

ಮಧ್ಯಾಹ್ನ ಕರೆಗಳು ಒಂದರ ಹಿಂದೊಂದು ಬರುತ್ತಿದ್ದವು. ಊರಿನ ಒಂದು ಭಾಗದಲ್ಲಿ ಕರೆಂಟು ಹೋಗಿ ಬಂದು, ಹೋಗಿ ಬಂದು ಮಾಡುತ್ತಿತ್ತು, ಅದಕ್ಕೆ ತಕ್ಕಂತೆ ಲಿಫ್ಟ್‌ಗಳು ನಿಲ್ಲುತ್ತಿದ್ದವು. ನಾನು ಎಡಗಡೆ ಟೈಪ್ ಮಾಡಿ, ಎಳೆದು, ಬಲಗಡೆ ಚುಕ್ಕೆಯ ಮೇಲೆ ಬಿಟ್ಟು, ಮೆಕ್ಯಾನಿಕ್‌ಗೆ ಫೋನ್ ಮಾಡಿ, 'ದಯವಿಟ್ಟು ಬೇಗ ಹೊರಡಿ' ಅನ್ನುತ್ತಿದ್ದೆ. ಅವರು ದಯವಿಟ್ಟು ನಿಧಾನವಾಗಿ ಹೊರಡುತ್ತಿದ್ದರು.

ಆಗ ಒಂದು ಹೆಣ್ಣು ದನಿ ಬಂತು, ಬಹಳ ದೂರದಿಂದ ಬಂದಂತೆ. ತಾನು ನರ್ಸ್, ಡ್ಯೂಟಿ ಮುಗಿಸಿ ಮನೆಗೆ ಹೋಗುತ್ತಿದ್ದೆ, ಮೂರನೇ ಮಹಡಿ ದಾಟಿ ನಿಂತಿದೆ, ಒಬ್ಬಳೇ ಇದ್ದೇನೆ ಅಂದರು.

"ಉಸಿರಾಟಕ್ಕೆ ಏನೂ ತೊಂದರೆ ಇಲ್ಲವಲ್ಲ?"

"ಇಲ್ಲ. ಕೂತ್ಕೊಂಡಿದೀನಿ. ಅವಸರ ಇಲ್ಲಮ್ಮ, ನಿಧಾನವಾಗಿ ಕಳಿಸಿ."

ಅವಸರ ಇಲ್ಲ ಎಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅದನ್ನು ಕೇಳಿ ನನ್ನ ಭುಜ ಸಡಿಲವಾಯಿತು. ಚೀಟಿ ಬರೆದೆ, ಹಿಡಿದೆ, ಎಳೆದೆ. ಪರದೆಯ ನಡುವಿಗೆ ಬಂದಾಗ, ಮೊದಲು ಅಂಚು ಇರುತ್ತಿದ್ದ ಜಾಗದಲ್ಲಿ, ನನ್ನ ಬೆರಳು ತಾನಾಗಿಯೇ ಬಿಟ್ಟಿತು.

"ಕೊಟ್ಟೆ," ಅಂದೆ.

"ಬಂತು," ಅಂದರು ಅತ್ತೆ, ಹೊರಗೆ ಬೆಂಚಿನ ಮೇಲಿಂದ.

ನಾನು ಮುಂದಿನ ಕರೆ ತೆಗೆದುಕೊಂಡೆ.

ಇಷ್ಟೇ ಆದದ್ದು. ನನಗಾಗಲೀ ಅವರಿಗಾಗಲೀ ಏನೂ ಅನ್ನಿಸಲಿಲ್ಲ. ಅವರ ಮುಂದೆ ಪರದೆಯಿರಲಿಲ್ಲ, ಕೈಯಲ್ಲಿ ಅರ್ಧ ಸಿಪ್ಪೆ ಸುಲಿದ ಕಿತ್ತಳೆಯಿತ್ತು. ಕೊಟ್ಟೆ ಅನ್ನುವುದು ಕಿವಿಗೆ ಬಿತ್ತು, ಬಂತು ಅನ್ನುವುದು ಬಾಯಿಂದ ಹೊರಟಿತು. ಆ ಕೆಂಪು ಚೀಟಿ ಎರಡು ಕಡೆಗೂ ಸೇರದೆ ನಡುವೆ ಕೂತಿತು. ಮುಂದಿನ ಕರೆಯ ಕಿಟಕಿ ತೆರೆದುಕೊಂಡು ಅದನ್ನು ಮುಚ್ಚಿತು, ಅದರ ಮೇಲೆ ಇನ್ನೊಂದು. ಒಳಗಿದ್ದವರು ಮತ್ತೆ ಗುಂಡಿ ಒತ್ತಿದ್ದರೆ ಗೊತ್ತಾಗುತ್ತಿತ್ತು. ಸಿಕ್ಕಿಕೊಂಡವರು ಸಾಮಾನ್ಯವಾಗಿ ಒತ್ತುತ್ತಲೇ ಇರುತ್ತಾರೆ. ಆಕೆ ಒತ್ತಲಿಲ್ಲ.

ಕರೆಂಟಿನ ಗಲಾಟೆ ಮುಗಿದು, ಬಾಗಿಲಲ್ಲಿ ಬೀಳುತ್ತಿದ್ದ ಬಿಸಿಲು ಗೋಡೆಗೆ ಏರಿದ ಮೇಲೆ ಒಬ್ಬ ಗಂಡಸಿನ ಫೋನ್ ಬಂತು. ಆ ಕಟ್ಟಡದ ಕಾವಲಿನವನು.

"ಮೇಡಂ, ನಿಮ್ಮ ಲಿಫ್ಟ್ ನಿಂತಿದೆ. ಒಳಗೆ ಯಾರೋ ಗೊರಕೆ ಹೊಡೀತಿದಾರೆ."

"ಏನು?"

"ಗೊರಕೆ ಮೇಡಂ. ಕಿವಿ ಇಟ್ಟು ಕೇಳ್ದೆ. ಮೊದಲು ಮೋಟಾರ್ ಅನ್ಕೊಂಡೆ."

ನಾನು ಕಿಟಕಿಗಳನ್ನು ಒಂದೊಂದಾಗಿ ಸರಿಸಿದೆ. ಎಲ್ಲದರ ಕೆಳಗೆ ಆ ಚೀಟಿ ನಾನು ಬಿಟ್ಟಲ್ಲೇ ಇತ್ತು. "ಅತ್ತೆ," ಎಂದು ಕೂಗಿದೆನೋ ಪಿಸುಗುಟ್ಟಿದೆನೋ ನೆನಪಿಲ್ಲ, ಅವರು ಬಾಗಿಲಲ್ಲಿ ನಿಂತಿದ್ದರು. ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. "ನಾನು ಬಂತು ಅಂದೆ," ಅಂದರು ಮೆಲ್ಲಗೆ. "ಅಂದೆ ಅಲ್ವೇನೇ? ಯಾಕೆ ಅಂದೆ?"

ಆಮೇಲೆ ನನ್ನ ತಲೆಯಿಂದ ಹೆಡ್‌ಫೋನ್ ಕಿತ್ತುಕೊಂಡು ಅಳಿಯನಿಗೆ ಫೋನ್ ಮಾಡಿದರು. "ಎಲ್ಲಿ ಬಿದ್ಕೊಂಡಿದೀಯಾ? ಆ ಚಹಾ ಅಂಗಡಿ ಮುಂದೆ ಅಲ್ವಾ? ಕಾಣ್ತಿದೆ ಚುಕ್ಕೆ. ಲೋಟ ಕೆಳಗಿಡು. ಇಟ್ಟೆಯಾ? ಗಾಡಿ ಶಬ್ದ ಕೇಳ್ಬೇಕು ನನಗೆ." ಶಬ್ದ ಕೇಳಿದ ಮೇಲೆಯೇ ಅವರು ವಿಳಾಸ ಹೇಳಿದ್ದು.

ಅಳಿಯ ಮತ್ತೆ ಫೋನ್ ಮಾಡುವವರೆಗೆ ಅತ್ತೆ ನಿಂತೇ ಇದ್ದರು, ಕುರ್ಚಿಯ ಬೆನ್ನು ಹಿಡಿದು. ನಾನು ಏಳಲು ಹೋದರೆ ಭುಜ ಒತ್ತಿ ಕೂರಿಸಿದರು. ಹೃದಯದ ಕಾಯಿಲೆಯ ಮುದುಕರು, ಗರ್ಭಿಣಿಯರು, ಉಸಿರಿನ ಪಂಪು ಮನೆಯಲ್ಲೇ ಬಿಟ್ಟು ಬಂದ ಮಕ್ಕಳು ನನ್ನ ಕಣ್ಣ ಮುಂದೆ ಆ ಲಿಫ್ಟಿನೊಳಗೆ ಒಬ್ಬರಾದ ಮೇಲೊಬ್ಬರು ಕೂತರು. ನರ್ಸ್ ಒಬ್ಬರನ್ನು ಬಿಟ್ಟು ಎಲ್ಲರೂ.

"ತೆಗೆದೆ ಅತ್ತೆ," ಅಂದ ಅಳಿಯ. ಸ್ಪೀಕರಿನಲ್ಲಿ ಅವನ ದನಿ ದೊಡ್ಡದಾಗಿ ಕೇಳಿತು. "ಚೀಲ ತಲೆದಿಂಬು ಮಾಡ್ಕೊಂಡು ಮಲಗಿದ್ರು. ಬಾಗಿಲು ತೆಗೆದ್ರೆ, ಮುಚ್ಚಪ್ಪಾ ಸ್ವಲ್ಪ ಹೊತ್ತು ಅಂತಾರೆ. ಮನೇಲಿ ಇಷ್ಟು ನಿದ್ದೆ ಯಾವತ್ತೂ ಸಿಕ್ಕಿಲ್ವಂತೆ."

ಅತ್ತೆ ಕೂತರು. ನನ್ನ ಪಕ್ಕದಲ್ಲಿ ಕುರ್ಚಿ ಇರಲಿಲ್ಲ, ಅದನ್ನು ಹೊರಗೆ ಹಾಕಿದ್ದರು. ಹಾಗಾಗಿ ತಲೆಕೆಳಗಾಗಿ ಇಟ್ಟಿದ್ದ ಕಸದ ಬುಟ್ಟಿಯ ಮೇಲೆ ಕೂತರು. ನನಗೆ ನಗು ಬಂತು, ಅವರಿಗೂ ಬಂತು. ಇಬ್ಬರೂ ನಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಮ್ಯಾನೇಜರ್‌ಗೆ ಎಲ್ಲ ಗೊತ್ತಾಗಿತ್ತು. ಕರೆ ಬಂದ ಹೊತ್ತು, ಮೆಕ್ಯಾನಿಕ್ ಹೊರಟ ಹೊತ್ತು, ಎರಡೂ ಅವರ ಕಂಪ್ಯೂಟರ್‌ನಲ್ಲಿ ತಾನಾಗಿಯೇ ಕಾಣುತ್ತವೆ. ನಾನು ಅವರ ಕೋಣೆಗೆ ಹೋಗುವಾಗ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ನಿನ್ನೆ ಆದದ್ದೇ ಸಾಕ್ಷಿ, ಒಬ್ಬರಿಂದ ಆಗದು, ಆದ್ದರಿಂದ ಎರಡು ಮಾನಿಟರ್‌ಗಳೇ ಇರಲಿ. ಸರಳವಾದ ಮಾತು. ಎಲ್ಲಿಯೂ ಯಾರ ಮೇಲೂ ತಪ್ಪು ಬರುವ ಹಾಗಿಲ್ಲ.

ಆದರೆ ಅವರೇ ಮೊದಲು ಶುರುಮಾಡಿದರು. "ನಿನ್ನೇದು ಯಾಕಾಯ್ತು ಅಂತ ಯೋಚಿಸ್ದೆ. ಅತ್ತೆ ಹೊರಗಿಂದ ಬಂತು ಅಂದಿದ್ದಕ್ಕೆ ಆಯ್ತು. ಅವರು ಅಲ್ಲಿ ಇರದೇ ಇದ್ದಿದ್ರೆ ನೀವು ನೋಡ್ಕೊಳ್ತಿದ್ರಿ. ಅಲ್ವಾ?"

ಅವರು ಹೇಳಿದ್ದು ಸುಳ್ಳಲ್ಲ. ಉತ್ತರ ಬರದಿದ್ದರೆ ನಾನು ಕಾಯುತ್ತಿದ್ದೆ, ಕಾದು ಎಚ್ಚೆತ್ತುಕೊಳ್ಳುತ್ತಿದ್ದೆ. ನಾನು ತಂದಿದ್ದ ಸಾಕ್ಷಿ ಅವರ ಕೈಗೆ ಹೋಗಿ ಅವರದೇ ಆಗಿತ್ತು.

"ನನಗೆ ಎರಡು ಮಾನಿಟರ್ ಬೇಕು ಸರ್," ಅಂದೆ. ಜೋಡಿಸಿಕೊಂಡಿದ್ದರಲ್ಲಿ ಕೊನೆಯ ಭಾಗ ಮಾತ್ರ ಹೊರಬಂತು.

ಅವರು ಆರಾಮಾಗಿ ತಲೆಯಾಡಿಸಿದರು. "ಆಯ್ತು, ಎರಡೇ ಹಾಕ್ಸೋಣ. ಒಂದು ನೇರಕ್ಕೆ, ಒಂದು ಪಕ್ಕಕ್ಕೆ. ಒಬ್ಬರೇ ಎರಡನ್ನೂ ನೋಡ್ಕೋಬಹುದು. ತುಂಬಾ ಜನ ಹಾಗೇ ಮಾಡ್ತಾರೆ."

ಆಗ ನನಗೆ ಅರ್ಥವಾಯಿತು. ಆ ಇಡೀ ವಾರ ನಾನು ಪರದೆಯ ಬಗ್ಗೆ ಯೋಚಿಸಿದ್ದೆ, ಎರಡು ಪರದೆ ಅಂದರೆ ಇಬ್ಬರು, ಒಂದು ಅಂದರೆ ಒಬ್ಬರು ಎಂದುಕೊಂಡು. ಅವರು ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸಿದರೆ ಸಾಕು, ಅತ್ತೆಯ ಮಾತೇ ಎತ್ತಬೇಕಾಗಿಲ್ಲ ಎಂದುಕೊಂಡು. ಅವರು ಕೇಳದ್ದನ್ನು ನಾನು ಹೇಳಬೇಕಿತ್ತು. ಮೇಜಿನ ಅಂಚಿನಲ್ಲಿ ಸ್ವಲ್ಪ ಪ್ಲೈವುಡ್ ಎದ್ದಿತ್ತು, ಅದನ್ನು ಉಗುರಿನಿಂದ ಒತ್ತುತ್ತ ಹೇಳಿದೆ.

"ಮಾನಿಟರ್ ಯಾವುದಾದರೂ ಹಾಕಿ ಸರ್. ಕುರ್ಚಿ ಎರಡು ಬೇಕು."

"ನೋಡಿ, ಅದು..."

"ಒಂದೇ ಕುರ್ಚಿ ಆದರೆ ನಾನು ಕೂರಲ್ಲ."

ನನ್ನ ದನಿ ನನಗೇ ಪರಿಚಯವಿರಲಿಲ್ಲ. ಅದರಲ್ಲಿ ಧೈರ್ಯವೇನೂ ಇರಲಿಲ್ಲ, ಬಸ್ಸಿನಲ್ಲಿ ಬಹಳ ಹೊತ್ತು ನಿಂತವಳು ಇನ್ನು ನಿಲ್ಲಲಾರೆ ಅನ್ನುವಂತಿತ್ತು. ಮ್ಯಾನೇಜರ್ ಜೇಬು ಮುಟ್ಟಿಕೊಂಡರು. ಫೋನ್ ಬರಲಿಲ್ಲ. ಎದ್ದು ಬಾಗಿಲ ಹತ್ತಿರ ಹೋಗಿ ಅತ್ತೆಯನ್ನು ಕರೆದರು.

ಅತ್ತೆ ಬಂದು ನಿಂತು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನನಗೆ ಬೇರೆಯೇ ಭಯ ಶುರುವಾಗಿತ್ತು. ನಾನು ಅವರನ್ನು ಒಂದು ಮಾತು ಕೇಳಿರಲಿಲ್ಲ. ನಾನು ಕೂರಲ್ಲ ಅಂದಿದ್ದೆ, ಅವರು ಕೂರುತ್ತೇನೆ ಅಂದರೆ?

"ಅತ್ತೆ, ಇವರು ಒಬ್ಬರೇ ಆದ್ರೆ ಕೂರಲ್ವಂತೆ," ಅಂದರು ಮ್ಯಾನೇಜರ್. "ನೀವೇನಂತೀರಿ? ಮೊನ್ನೆ ನಿಮಗೆ ಹೇಳಿದ್ನಲ್ಲ."

ನಾನು ಅತ್ತೆಯನ್ನು ನೋಡಿದೆ. ಅವರು ನನ್ನನ್ನು ನೋಡಲಿಲ್ಲ. "ಹೇಳಿದ್ರಿ. ಆ ಕುರ್ಚಿ ನಿಮ್ಮದೇ ಅತ್ತೆ, ಅನುಭವ ಇರೋರು ನೀವು, ಅವಳನ್ನ ಬಿಲ್ಲಿಂಗ್‌ಗೆ ಹಾಕ್ತೀನಿ ಅಂದ್ರಿ." ಆಮೇಲೆ ನನ್ನ ಕಡೆ ತಿರುಗಿದರು, ಕುತ್ತಿಗೆ ತಿರುಗದೆ ಪೂರ್ತಿ ದೇಹವೇ ತಿರುಗಿತು. "ನಿನಗೇನಂದ್ರು, ಡಿಗ್ರಿ?"

"ಓದಿರೋರು ನೀವು ಅಂದ್ರು," ಅಂದೆ.

ಮ್ಯಾನೇಜರ್ ಕಿಟಕಿಯ ಹೊರಗೆ ನೋಡಿದರು. ಅವರ ಕೋಣೆಗೆ ಕಿಟಕಿಯಿದೆ.

"ನೋಡಿ ಸರ್," ಅಂದರು ಅತ್ತೆ, ಕೇಳದೆಯೇ ಕುರ್ಚಿ ಎಳೆದು ಕೂತು, ಮೊಣಕಾಲು ಒತ್ತಿಕೊಳ್ಳುತ್ತ. "ನನಗೆ ಟೈಪ್ ಮಾಡೋಕೆ ಬರಲ್ಲ. ಒಂದೊಂದೇ ಅಕ್ಷರ ಹುಡುಕೋದ್ರಲ್ಲಿ ಒಳಗಿರೋರು ಇಳಿದು ಮನೆಗೆ ಹೋಗಿರ್ತಾರೆ. ಅವಳಿಗೆ ಬೈಯೋಕೆ ಬರಲ್ಲ. ದಯವಿಟ್ಟು ಅಂತಾಳೆ, ಅವರು ಇನ್ನೊಂದು ಚಹಾ ಹೇಳ್ತಾರೆ. ಎರಡೂ ಬರೋರು ಎಲ್ಲಾದ್ರೂ ಇದ್ರೆ ಕರ್ಕೊಂಡು ಬನ್ನಿ, ಕುರ್ಚಿ ಅವರಿಗೇ ಕೊಡೋಣ. ನಾನೂ ಒಂದ್ಸಲ ನೋಡ್ಬೇಕು ಅಂಥೋರನ್ನ."

"ನಿನ್ನೆ ತಪ್ಪು ಆಗಿದ್ದು ನಿಮ್ಮಿಂದ ಅತ್ತೆ."

"ಹೌದು. ನೋಡದೇನೇ ಬಂತು ಅಂದೆ. ಇನ್ಮೇಲೆ ಅನ್ನಲ್ಲ."

ಅವರು ಅಷ್ಟು ಸರಾಗವಾಗಿ ಒಪ್ಪಿಕೊಳ್ಳುವುದನ್ನು ಮ್ಯಾನೇಜರ್ ನಿರೀಕ್ಷಿಸಿರಲಿಲ್ಲ. ಮುಖವನ್ನು ಎರಡೂ ಕೈಯಿಂದ ಒರೆಸಿಕೊಂಡರು. ಅವರಿಗೂ ದಣಿವಾಗಿತ್ತು, ಬೆಳಿಗ್ಗೆಯಿಂದಲೇ. "ಹೆಡ್ ಆಫೀಸಿಗೆ ಏನಂತ ಹೇಳ್ಲಿ ನಾನು?"

"ನಾನು ಬರೆದುಕೊಡ್ತೀನಿ ಸರ್," ಅಂದೆ.

"ಬೇಡಮ್ಮ," ಅಂದರು ಅತ್ತೆ. "ನೀನು ಬರೆದಿದ್ದಕ್ಕೇ ಇಷ್ಟೆಲ್ಲ ಆಗಿದ್ದು."

ಮ್ಯಾನೇಜರ್ ನಕ್ಕರೋ ಕೆಮ್ಮಿದರೋ ಗೊತ್ತಾಗಲಿಲ್ಲ. ಹಳೆಯ ಮಾನಿಟರ್‌ಗಳನ್ನು ಆಗಲೇ ಲೆಕ್ಕದವರಿಗೆ ಕೊಟ್ಟಾಗಿದೆ, ಅವರು ವಾಪಸು ಕೊಡುವವರಲ್ಲ, ಹೊಸ ಎರಡು ಬರುವುದಕ್ಕೆ ಎಷ್ಟು ದಿನವೋ, ಆದ್ದರಿಂದ ಅಗಲದ್ದೇ ಇರಲಿ ಅಂದರು. ಕುರ್ಚಿ ಸದ್ಯಕ್ಕೆ ಎರಡು. ಸದ್ಯಕ್ಕೆ ಎಂದು ಮತ್ತೊಮ್ಮೆ ಹೇಳಿದರು. ಅದರ ಅರ್ಥ ಮುಂದಿನ ಸಲ ಹೆಡ್ ಆಫೀಸಿನವರು ಕೇಳುವವರೆಗೆ ಎಂದು ಮೂವರಿಗೂ ಗೊತ್ತಿತ್ತು.

ಕಾರಿಡಾರಿನಲ್ಲಿ ನಾನು, "ನಿಮಗೂ ಹೇಳಿದ್ರು ಅಂತ ನನಗೆ ಹೇಳಲೇ ಇಲ್ಲ," ಅಂದೆ.

"ನೀನು ಹೇಳಿದ್ಯಾ?"

"ಹೇಗೆ ಹೇಳೋದು ಅಂತ ಯೋಚಿಸ್ತಿದ್ದೆ."

"ನಾನೂ ಯೋಚಿಸ್ತಿದ್ದೆ," ಅಂದರು. "ಆದ್ರೆ ನಾನು ಯೋಚಿಸ್ತಿದ್ದಿದ್ದು ಬಿಲ್ಲಿಂಗ್‌ನಲ್ಲಿ ಕಿಟಕಿ ಇದೆ, ನಿನಗೆ ಒಳ್ಳೇದಾಗುತ್ತೇನೋ ಅಂತ." ಅದು ನಿಜವೋ ಬಾಯಿಗೆ ಬಂದದ್ದೋ ಅವರ ಮುಖದಲ್ಲಿ ಹುಡುಕಿದೆ. ಅವರು ಬೆಂಚಿನ ಹತ್ತಿರ ಬಿದ್ದಿದ್ದ ಕಿತ್ತಳೆ ಸಿಪ್ಪೆ ಹೆಕ್ಕುತ್ತಿದ್ದರು. ಮುಖ ಕಾಣಲಿಲ್ಲ.

ತಮ್ಮ ಕುರ್ಚಿಯನ್ನು ಅವರೇ ತಳ್ಳಿಕೊಂಡು ಒಳಗೆ ಬಂದರು. ಅಳಿಯನ ಚೀಲದಿಂದ ತರಿಸಿದ್ದ ಕರೆಂಟಿನವರ ಕಪ್ಪು ಟೇಪನ್ನು ಹಲ್ಲಿನಿಂದ ಹರಿದು, ಆ ಅಗಲದ ಪರದೆಯ ನಡುವೆ ಮೇಲಿಂದ ಕೆಳಗೆ ಒಂದು ಪಟ್ಟಿ ಅಂಟಿಸಿದರು. ಸ್ವಲ್ಪ ಸೊಟ್ಟಗಾಯಿತು. ನಕ್ಷೆಯ ಕಡೆಗೆ ಒಂದು ಬೆರಳಿನಷ್ಟು ಜಾಗ ಹೆಚ್ಚು ಹೋಯಿತು. ತಮ್ಮ ಹಳೆಯ ಮೌಸನ್ನು ಚೀಲದಿಂದ ತೆಗೆದು ಸಿಕ್ಕಿಸಿದರು. ಈಗ ಮೌಸ್ ಎರಡು, ಪರದೆಯ ಮೇಲಿನ ಬಾಣ ಒಂದೇ. ನಾನು ಬಿಟ್ಟರೆ ಅವರು ಹಿಡಿಯಬೇಕು, ಅವರು ಬಿಟ್ಟರೆ ನಾನು. ಇಬ್ಬರೂ ಒಟ್ಟಿಗೆ ಎಳೆದರೆ ಬಾಣ ನಡುಗುತ್ತ ನಿಂತಲ್ಲೇ ನಿಲ್ಲುತ್ತದೆ.

ಕುತ್ತಿಗೆ ಮತ್ತೆ ಬಲಕ್ಕೆ ತಿರುಗಿತು. ಸ್ವಲ್ಪ ಹೊತ್ತಿಗೇ ನೋವು ತನ್ನ ಜಾಗಕ್ಕೆ ಬಂದು ಕೂತಿತು. ಅತ್ತೆ ಡಬ್ಬಿ ತೆಗೆದು ತಮ್ಮ ಎಡಗಡೆಗೆ ತಿಕ್ಕಿಕೊಂಡು, ಉಳಿದ ಬೆರಳನ್ನು ಕೇಳದೆಯೇ ನನ್ನ ಬಲಗಡೆಗೆ ಒರೆಸಿದರು.

ಮೊದಲ ಕರೆ ಬಂತು. ಒಂದು ಶಾಲೆಯ ಲಿಫ್ಟ್, ಒಳಗೆ ಒಬ್ಬ ಮೇಷ್ಟ್ರು, ಜೊತೆಗೆ ಒಂದು ಅಸ್ಥಿಪಂಜರದ ಮಾದರಿ. ಬರೆದೆ, ಹಿಡಿದೆ, ಟೇಪಿನ ತನಕ ಎಳೆದೆ.

"ಕೊಟ್ಟೆ," ಅಂದೆ.

ಉತ್ತರ ಬರಲಿಲ್ಲ. ಅತ್ತೆಯ ಬಾಯಲ್ಲಿ ಬಿಸ್ಕತ್ತು ಇತ್ತು. ತಡಿ ಅನ್ನುವಂತೆ ಒಂದು ಬೆರಳು ಎತ್ತಿದರು. ಅಗಿದು ನುಂಗಿದರು, ನೀರು ಕುಡಿದರು, ಕನ್ನಡಕ ಸರಿಮಾಡಿಕೊಂಡರು. ಬಾಣವನ್ನು ಹಿಡಿದು ಟೇಪಿನ ಕೆಳಗಿಂದ ದಾಟಿಸಿ, ಚೀಟಿಯ ಕೆಂಪು ತಮ್ಮ ಕಡೆ ಪೂರ್ತಿ ಕಾಣುವವರೆಗೆ ಎಳೆದು, ಮೇಷ್ಟ್ರ ವಿಳಾಸವನ್ನು ತುಟಿ ಅಲ್ಲಾಡಿಸಿ ಓದಿದರು. ಅಷ್ಟು ಹೊತ್ತೂ ನನ್ನ ಕಿವಿಯಲ್ಲಿ ಮುಂದಿನ ಕರೆ ಹೊಡೆದುಕೊಳ್ಳುತ್ತಿತ್ತು. ನಾನು ತೆಗೆಯಲಿಲ್ಲ.

"ಬಂತು," ಅಂದರು ಅತ್ತೆ.